ಹಿಂಜರಿಯುವ ಮಕ್ಕಳ ಜೊತೆ ಮ್ಯಾಜಿಕ್ ಕಿಂಗ್‌ಡಮ್: ಎತ್ತರದ ಪಟ್ಟಿಯೊಂದನ್ನೇ ನಂಬಬೇಡಿ

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ನಾಲ್ಕು ಥೀಮ್ ಪಾರ್ಕುಗಳಿವೆ. ನಾವು ಹೋಗಿದ್ದು ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ, ಅದೂ ಬೇಕೆಂದೇ. ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಹೇಗಿವೆ ಎಂದು ನನ್ನನ್ನು ಕೇಳಬೇಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆ ಅರ್ಧ ಕಿತ್ತುಕೊಂಡಿದ್ದು ಬಿಸಿಲಿಗೆ. ಅದಕ್ಕೆ ಪಾರ್ಕನ್ನು ಬೈದು ಏನು ಪ್ರಯೋಜನ?

ಈ ವಿಮರ್ಶೆ ಎಲ್ಲರಿಗೂ ಅಲ್ಲ. ರೋಲರ್ ಕೋಸ್ಟರ್ ಕಂಡ ಕೂಡಲೇ ಓಡುವ ಮಕ್ಕಳು ನಿಮ್ಮ ಮನೆಯಲ್ಲಿದ್ದರೆ ಇದರಿಂದ ನಿಮಗೆ ಉಪಯೋಗ ಕಡಿಮೆ. ನನ್ನ ಮಗಳಿಗೆ ಆರು ವರ್ಷ. ಮಿಕ್ಸಿ ಹಾಕುವ ಮುಂಚೆ ಅವಳಿಗೆ ಹೇಳಿ ಹಾಕಬೇಕು. ಹುಟ್ಟುಹಬ್ಬಕ್ಕೆ ಕರೆದುಕೊಂಡು ಹೋದರೆ ಬಾಗಿಲ ಹತ್ತಿರವೇ ಕೂರುತ್ತಾಳೆ, ಬಲೂನ್ ಒಡೆದರೆ ಎದ್ದು ಹೋಗಲು. ಮಗ ಈಗಷ್ಟೇ ನಾಲ್ಕಕ್ಕೆ ಬಿದ್ದವನು. ಅಕ್ಕ ಅತ್ತರೆ ತಾನೂ ಅಳುತ್ತಾನೆ, ಕಾರಣ ಬೇಕಿಲ್ಲ. ಇವರ ಅಪ್ಪನಿಗೆ ಮಾತ್ರ ಎಷ್ಟು ಎತ್ತರದಿಂದ ಬಿದ್ದರೂ ಸಾಲದು.

ಹೊರಡುವ ಮುಂಚೆ ಕೇಳಿದವರೆಲ್ಲ ಕೊಟ್ಟ ಸಲಹೆ ಒಂದೇ: ಯಾವ ರೈಡ್‌ಗೆ ಮಗು ಕನಿಷ್ಠ ಎಷ್ಟು ಎತ್ತರ ಇರಬೇಕು ಅನ್ನುವ ಪಟ್ಟಿ ನೋಡಿಕೊಳ್ಳಿ, ಮಕ್ಕಳಿಗೆ ಆಗುವ ರೈಡ್‌ಗಳು ಗೊತ್ತಾಗುತ್ತವೆ. ಸಲಹೆ ತಪ್ಪಲ್ಲ, ಆದರೆ ನಮ್ಮಂಥವರಿಗೆ ಅರ್ಧಂಬರ್ಧ. ಆ ಪಟ್ಟಿ ಇರುವುದು ಸುರಕ್ಷತೆಗೆ. ಮಗುವಿನ ಮೈ ಆ ಸೀಟಿಗೆ, ಆ ಸರಳಿಗೆ ಸರಿಹೊಂದುತ್ತದಾ ಅನ್ನುವುದಷ್ಟೇ ಅದರ ಲೆಕ್ಕ. ಹೆದರಿಕೆ ಆ ಲೆಕ್ಕದಲ್ಲೇ ಇಲ್ಲ. ಹಾಂಟೆಡ್ ಮ್ಯಾನ್ಶನ್ ನೋಡಿ. ಅದಕ್ಕೆ ಎತ್ತರದ ಮಿತಿಯೇ ಇಲ್ಲ, ಕೈಗೂಸನ್ನೂ ಎತ್ತಿಕೊಂಡು ಹೋಗಬಹುದು. ಆದರೆ ಶುರುವಿನಲ್ಲೇ ಒಂದು ಕೋಣೆಯೊಳಗೆ ನಿಲ್ಲಿಸಿ ಬಾಗಿಲು ಹಾಕುತ್ತಾರೆ. ಗೋಡೆಗಳು ಉದ್ದವಾಗುತ್ತಾ ಹೋಗುತ್ತವೆ. ದೀಪ ಆರುತ್ತದೆ, ಗುಡುಗುತ್ತದೆ, ಯಾರೋ ಕಿರುಚುತ್ತಾರೆ, ತಲೆ ಎತ್ತಿದರೆ ನೇತಾಡುವ ಹೆಣ. ಇನ್ನೊಂದು ಕಡೆ ಬಾರ್ನ್‌ಸ್ಟಾರ್ಮರ್ ಅನ್ನುವ ಪುಟ್ಟ ಕೋಸ್ಟರ್ ಇದೆ. ಅದಕ್ಕೆ 35 ಇಂಚು, ಅಂದರೆ 89 ಸೆಂಟಿಮೀಟರ್ ಎತ್ತರ ಬೇಕು. ಅದು ಬಯಲಲ್ಲಿ, ಹಗಲ ಬೆಳಕಲ್ಲಿ ಓಡಿ ಒಂದು ನಿಮಿಷದಷ್ಟರಲ್ಲಿ ನಿಲ್ಲುತ್ತದೆ. ಪಟ್ಟಿ ನಂಬಿದರೆ ಮೊದಲನೆಯದು ಎಲ್ಲರಿಗೂ ಸರಿ, ಎರಡನೆಯದಕ್ಕೆ ಮಗು ಬೆಳೆಯಬೇಕು. ನನ್ನ ಮಗಳನ್ನು ಕೇಳಿದರೆ ಉಲ್ಟಾ ಹೇಳುತ್ತಾಳೆ.

ಹಾಗಾಗಿ ನಾವು ನೋಡಿದ್ದು ಬೇರೆ ವಿಷಯ: ಕತ್ತಲೆ ಎಷ್ಟು, ಸದ್ದು ಎಷ್ಟು, ದಿಢೀರ್ ಅಂತ ಎದುರಿಗೆ ಬರುವುದು ಏನಾದರೂ ಇದೆಯಾ, ಬೇಡ ಅನಿಸಿದರೆ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯಬಹುದಾ. ಇದನ್ನು ಹುಡುಕಲು ಕಷ್ಟಪಡಬೇಕಿಲ್ಲ. ಡಿಸ್ನಿಯವರೇ ಆಟಿಸಂನಂಥ ತೊಂದರೆ ಇರುವವರಿಗಾಗಿ ಒಂದು ಕೈಪಿಡಿ ಮಾಡಿದ್ದಾರೆ. ಯಾವ ರೈಡ್‌ನಲ್ಲಿ ಕತ್ತಲೆ, ಎಲ್ಲಿ ಜೋರು ಸದ್ದು, ಎಲ್ಲಿ ಮಿನುಗುವ ಬೆಳಕು, ಎಲ್ಲಿ ನೀರು ಎರಚುತ್ತದೆ ಎಂದು ಅದರಲ್ಲಿ ಬರೆದಿದ್ದಾರೆ. ನಿಮ್ಮ ಮಗುವಿಗೆ ಅಂಥ ತೊಂದರೆ ಏನೂ ಇಲ್ಲದೆ ಸುಮ್ನೆ ಹೆದರಿಕೆಯ ಸ್ವಭಾವ ಇದ್ದರೂ ಓದಿ. ನಮಗೆ ಇಡೀ ತಯಾರಿಯಲ್ಲಿ ಜಾಸ್ತಿ ಕೆಲಸಕ್ಕೆ ಬಂದಿದ್ದು ಅದೇ.

ಅದರ ನಂತರ ವಿಡಿಯೋ. ಪ್ರತಿ ರೈಡ್‌ನಲ್ಲಿ ಕೂತವರ ಕಣ್ಣಿಗೆ ಕಾಣುವಂತೆ ತೆಗೆದ ವಿಡಿಯೋಗಳು ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಮೊದಲು ಸದ್ದಿಲ್ಲದೆ ನೋಡುತ್ತಿದ್ದೆವು, ಆಮೇಲೆ ಸದ್ದು ಹಾಕಿ. ಮಗಳು ಸೋಫಾದ ಅಂಚಿನಲ್ಲಿ ಕೂತು, ಕತ್ತಲೆ ಬಂದ ಕೂಡಲೇ ಬೆರಳು ಮಡಿಚಿ ಎಣಿಸಲು ಶುರು ಮಾಡುತ್ತಿದ್ದಳು. ಒಂದು ಕೈ ಬೆರಳು ಮುಗಿಯುವುದರೊಳಗೆ ಬೆಳಕು ಬಂದರೆ ಆ ರೈಡ್ ಪಾಸು. ಎರಡನೇ ಕೈಗೆ ಹೋದರೆ ‘ಇದು ಮುಂದಿನ ಸಲ ನೋಡೋಣ ಅಮ್ಮ’. ನಾನು ವಾದ ಮಾಡಲಿಲ್ಲ. ಪೀಟರ್ ಪ್ಯಾನ್ಸ್ ಫ್ಲೈಟ್‌ನ ವಿಡಿಯೋ ಎಷ್ಟು ಸಲ ಹಾಕಿಸಿಕೊಂಡಳೆಂದರೆ, ಅಲ್ಲಿ ನಿಜವಾಗಿ ಕೂತಾಗ ತಮ್ಮನಿಗೆ ಅವಳೇ ಗೈಡ್ ಆದಳು. ‘ಈಗ ಕಿಟಕಿಯಿಂದ ಹೊರಗೆ ಹೋಗ್ತೀವಿ. ಈಗ ಕೆಳಗೆ ಲಂಡನ್ ಬರುತ್ತೆ ನೋಡು. ಬೀಳಲ್ಲ, ಹೆದರಬೇಡ.’ ಎಲ್ಲಾ ಮೊದಲೇ ನೋಡಿದರೆ ಮಜಾ ಏನುಳಿಯುತ್ತದೆ ಎಂದು ಕೇಳುವವರಿದ್ದಾರೆ. ಇಂಥ ಮಕ್ಕಳಿಗೆ ಮಜಾ ಇರುವುದೇ ಮುಂದೇನು ಅಂತ ಗೊತ್ತಿರುವುದರಲ್ಲಿ.

ಈಗ ರೈಡ್‌ಗಳಿಗೆ ಬರೋಣ. ಇಟ್ಸ್ ಎ ಸ್ಮಾಲ್ ವರ್ಲ್ಡ್ ಎಲ್ಲರಿಗೂ ಗೊತ್ತಿರುವುದೇ. 1964ರಲ್ಲಿ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ಮಾಡಿದ್ದು, ಇಲ್ಲಿ 1971ರಲ್ಲಿ ಪಾರ್ಕ್ ಶುರುವಾದ ದಿನದಿಂದ ಇದೆ. ದೋಣಿ ಮೆಲ್ಲಗೆ ಹೋಗುತ್ತದೆ, ಒಳಗೆಲ್ಲ ಝಗಮಗ ಬೆಳಕು, ಎಲ್ಲಾ ಕಡೆ ಗೊಂಬೆಗಳು, ಒಂದೇ ಹಾಡು. ದೊಡ್ಡವರಿಗೆ ಆ ಹಾಡು ತಲೆಯಿಂದ ಇಳಿಯುವುದಿಲ್ಲ, ಅದೊಂದು ಶಿಕ್ಷೆ. ಆದರೆ ಮೊದಲ ರೈಡ್ ಯಾವುದು ಎಂದು ಯಾರಾದರೂ ಕೇಳಿದರೆ ಕಣ್ಣು ಮುಚ್ಚಿಕೊಂಡು ಇದನ್ನೇ ಹೇಳುತ್ತೇನೆ. ಬೆಚ್ಚಿಬೀಳಿಸುವಂಥದ್ದು ಒಂದೂ ಇಲ್ಲ. ಮಗ ಇಳಿದ ಮೇಲೂ ಗೊಂಬೆಗಳಿಗೆ ಟಾಟಾ ಮಾಡುತ್ತಲೇ ಇದ್ದ.

ಡಂಬೋ ಆನೆಯ ರೈಡ್ ನನಗೆ ಇಷ್ಟವಾಗಿದ್ದು ಒಂದು ಸನ್ನೆಗೋಲಿನಿಂದ. ಆನೆ ಎಷ್ಟು ಮೇಲೆ ಹೋಗಬೇಕು ಅನ್ನುವುದನ್ನು ಕೂತವರೇ ನಿರ್ಧರಿಸಬಹುದು. ಮಗಳು ಅದನ್ನು ಮುಟ್ಟಲೇ ಇಲ್ಲ. ನೆಲದ ಹತ್ತಿರದಲ್ಲೇ ಸುತ್ತು ಹಾಕಿದಳು, ಬೇರೆಯವರ ಆನೆಗಳೆಲ್ಲ ತಲೆಯ ಮೇಲೆ ಹಾರುತ್ತಿದ್ದವು. ‘ನಮ್ಮ ಆನೆಗೆ ಇವತ್ತು ಸುಸ್ತು’ ಎಂದು ಸಮಜಾಯಿಷಿ ಬೇರೆ. ಇನ್ನೊಂದು ಸಲ ಹತ್ತಿದಾಗ ಒಂದು ಗೇಣು ಮೇಲೆ ಹೋಯಿತು. ಯಾರೂ ತಳ್ಳದೆ, ಯಾರೂ ಚಪ್ಪಾಳೆ ಹೊಡೆಯದೆ ಧೈರ್ಯವನ್ನು ಅಳೆದು ಅಳೆದು ಹಾಕಿಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಡೀ ಪಾರ್ಕಿನಲ್ಲಿಲ್ಲ. ಅಲಾದ್ದೀನನ ಹಾರುವ ಚಾಪೆಗಳೂ ಹೀಗೇ. ಆದರೆ ಅಲ್ಲಿ ಪಕ್ಕದಲ್ಲೊಂದು ಒಂಟೆ ನಿಂತಿರುತ್ತದೆ, ಅದು ನೀರು ಉಗಿಯುತ್ತದೆ. ಇದನ್ನು ಮೊದಲೇ ಹೇಳಿಡಿ. ಹೇಳಿದರೆ ನಗುತ್ತಾರೆ, ಹೇಳದಿದ್ದರೆ ಬೆಚ್ಚಿಬೀಳುತ್ತಾರೆ.

ಕೂತು ಸುತ್ತುವ ದೊಡ್ಡ ಟೀ ಕಪ್‌ಗಳ ರೈಡ್‌ನಲ್ಲಿ ಪ್ರತಿ ಕಪ್ ನಡುವೆ ಒಂದು ಚಕ್ರ ಇರುತ್ತದೆ. ಅದನ್ನು ತಿರುಗಿಸಿದರೆ ಮಾತ್ರ ಕಪ್ ಜೋರಾಗಿ ಗಿರಕಿ ಹೊಡೆಯುವುದು. ಸುಮ್ಮನೆ ಬಿಟ್ಟರೆ ತಡೆದುಕೊಳ್ಳಬಹುದು. ಅಪ್ಪನ ಜೊತೆ ಕೂರಿಸಬೇಡಿ ಅಷ್ಟೇ. ಮರದ ಕುದುರೆಗಳ ಕ್ಯಾರೌಸೆಲ್ 1917ರದ್ದು. ಕುದುರೆ ಬೇಡ ಅನ್ನುವವರಿಗೆ ಅಲ್ಲಾಡದ ರಥದಂಥ ಬೆಂಚೂ ಇದೆ, ಅಮ್ಮಂದಿರೆಲ್ಲ ಅಲ್ಲೇ ಸಿಗುತ್ತಾರೆ.

ಪೀಪಲ್‌ಮೂವರ್ ಅನ್ನುವುದನ್ನು ತುಂಬಾ ಜನ ರೈಡ್ ಅಂತಲೇ ಲೆಕ್ಕಕ್ಕೆ ಇಡುವುದಿಲ್ಲ. ಪಾರ್ಕಿನ ಟುಮಾರೋಲ್ಯಾಂಡ್ ಅನ್ನುವ ಭಾಗದ ಮೇಲೆ ಸುತ್ತುವ ಸಣ್ಣ ಗಾಡಿಗಳು, ಗಾಳಿ ಬೀಸುತ್ತದೆ, ಕಾಲಿಗೆ ವಿಶ್ರಾಂತಿ. ಆದರೆ ಎರಡು ವಿಷಯ ಗೊತ್ತಿರಲಿ. ಹತ್ತುವ ಜಾಗ ನಿಲ್ಲುವುದಿಲ್ಲ, ಅದು ಚಲಿಸುತ್ತಿರುವಾಗಲೇ ಕಾಲಿಡಬೇಕು. ನಮ್ಮವಳಿಗೆ ರೈಡ್‌ಗಿಂತ ಅದೇ ದೊಡ್ಡ ಗಂಡಾಂತರ. ಎಸ್ಕಲೇಟರ್ ಕಂಡರೆ ಹಿಂಜರಿಯುವ ಮಕ್ಕಳಿದ್ದರೆ ನಿಮಗೆ ಅರ್ಥವಾಗುತ್ತದೆ. ಪೀಟರ್ ಪ್ಯಾನ್‌ನಲ್ಲೂ, ಮತ್ಸ್ಯಕನ್ಯೆಯ ಕಥೆಯ ಅಂಡರ್ ದಿ ಸೀ ರೈಡ್‌ನಲ್ಲೂ ಇದೇ ಕಥೆ. ಇನ್ನೊಂದು, ಪೀಪಲ್‌ಮೂವರ್ ಸ್ಪೇಸ್ ಮೌಂಟನ್ ಕಟ್ಟಡದೊಳಗೆ ಹಾದುಹೋಗುತ್ತದೆ. ಅಲ್ಲಿ ಕಗ್ಗತ್ತಲು, ಕೋಸ್ಟರ್‌ನಲ್ಲಿರುವವರ ಕೂಗು ಬೇರೆ. ‘ಈಗ ಅಪ್ಪನಂಥ ಜನ ಕಿರುಚೋ ಜಾಗ ಬರುತ್ತೆ’ ಅಂದಿದ್ದೆ. ಕೈ ಬಿಗಿಯಾಗಿ ಹಿಡಿದಳು, ಅಳಲಿಲ್ಲ.

ಪೈರೇಟ್ಸ್ ಆಫ್ ದಿ ಕೆರಿಬಿಯನ್‌ಗೂ ಎತ್ತರದ ಮಿತಿ ಇಲ್ಲ, ಆದರೆ ಕತ್ತಲೆಯಲ್ಲಿ ದೋಣಿ ಒಮ್ಮೆ ಕೆಳಗೆ ಜಾರುತ್ತದೆ. ನಾವು ಬಿಟ್ಟೆವು. ಅಂಡರ್ ದಿ ಸೀ ಮುದ್ದಾಗಿದೆ, ನಡುವೆ ದೊಡ್ಡ ಗಾತ್ರದ ಮಾಟಗಾತಿ ಅರ್ಸುಲಾ ಒಬ್ಬಳಿದ್ದಾಳೆ, ಆ ಹೊತ್ತಿಗೆ ಬೇರೆ ಕಡೆ ತೋರಿಸಿದರಾಯಿತು. ಮಿಕ್ಕೀಸ್ ಫಿಲ್‌ಹಾರ್‌ಮ್ಯಾಜಿಕ್ ಎಸಿ ಇರುವ ಥಿಯೇಟರ್, ಬಿಸಿಲಿಗೆ ಸ್ವರ್ಗ. ಆದರೆ ಅದು ತ್ರೀಡಿ, ಮುಖಕ್ಕೆ ಗಾಳಿ, ನೀರು ಬರುತ್ತವೆ. ಕನ್ನಡಕ ತೆಗೆದರೆ ಅರ್ಧ ಹೆದರಿಕೆ ಹೋಗುತ್ತದೆ. ವಿನ್ನಿ ದ ಪೂಹ್ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಹೋಗಿ. ಟುಮಾರೋಲ್ಯಾಂಡ್ ಸ್ಪೀಡ್‌ವೇ ಕಾರುಗಳ ಸದ್ದು, ಪೆಟ್ರೋಲ್ ವಾಸನೆ ನನಗೇ ಆಗಲಿಲ್ಲ.

ಬಾರ್ನ್‌ಸ್ಟಾರ್ಮರ್ ಹತ್ತಿದಳಾ ಎಂದು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಇಲ್ಲ. ಬೇಲಿಯ ಹೊರಗೆ ನಿಂತು ಅದು ಹೋಗುವುದನ್ನು ಬಹಳ ಹೊತ್ತು ನೋಡಿದಳು. ‘ಚೆನ್ನಾಗಿದೆ’ ಅಂದಳು. ಆಮೇಲೆ ಪಕ್ಕದ ಕೇಸಿ ಜೂನಿಯರ್ ನೀರಾಟದ ಜಾಗಕ್ಕೆ ಓಡಿದಳು. ಅಲ್ಲಿ ಆನೆ, ಒಂಟೆ ಎಲ್ಲಾ ನೀರು ಚಿಮ್ಮಿಸುತ್ತವೆ. ಅಲ್ಲಿಗೆ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಂಡೇ ಹೋಗಿ.

ಅಪ್ಪನ ವಿಷಯ. ದೊಡ್ಡ ಕೋಸ್ಟರ್‌ಗಳ ಆಸೆ ಇರುವವರಿಗೆ ರೈಡರ್ ಸ್ವಿಚ್ ಅನ್ನುವ ವ್ಯವಸ್ಥೆ ಇದೆ, ಅದಕ್ಕೆ ಬೇರೆ ದುಡ್ಡಿಲ್ಲ. ಎತ್ತರದ ಮಿತಿ ಇರುವ ರೈಡ್‌ಗಳ ಬಾಗಿಲಲ್ಲಿ ಸಿಬ್ಬಂದಿಗೆ ಹೇಳಿದರೆ ಸಾಕು. ಒಬ್ಬರು ಹೋಗಿ ಬರುವವರೆಗೆ ಇನ್ನೊಬ್ಬರು ಮಕ್ಕಳ ಜೊತೆ ಹೊರಗಿರಬಹುದು, ಆಮೇಲೆ ಅವರು ಹೋಗುವಾಗ ಉದ್ದದ ಕ್ಯೂನಲ್ಲಿ ಮತ್ತೆ ನಿಲ್ಲಬೇಕಿಲ್ಲ. ನಮ್ಮವರು ಸ್ಪೇಸ್ ಮೌಂಟನ್, ಟ್ರಾನ್ ಎರಡಕ್ಕೂ ಹೀಗೇ ಹೋದರು. ನಾನು ನನ್ನ ಸರದಿಯಲ್ಲಿ ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೈನ್ ಹತ್ತಿದೆ. ಅದಕ್ಕೆ 38 ಇಂಚು ಸಾಕು, ಮಗಳ ಎತ್ತರ ಎಂದೋ ಅದನ್ನು ದಾಟಿದೆ. ಆದರೆ ಕೊನೆಯಲ್ಲಿ ಗುಡಿಸಲ ಬಾಗಿಲಲ್ಲಿ ಮಾಟಗಾತಿ ಮುದುಕಿ ಕಾಣುತ್ತಾಳೆ. ವಿಡಿಯೋದಲ್ಲೇ ಆ ಮುದುಕಿಯನ್ನು ಪತ್ತೆ ಹಚ್ಚಿ ಬೇಡ ಅಂದಿದ್ದಳು.

ಕ್ಯೂನಲ್ಲಿ ಅಷ್ಟು ಹೊತ್ತು ನಿಂತು ಬಾಗಿಲ ಹತ್ತಿರ ಬಂದ ಮೇಲೆ ಮಗು ಬೇಡ ಅಂದರೆ? ಇದು ಎಲ್ಲಾ ಅಪ್ಪ ಅಮ್ಮಂದಿರ ಹೆದರಿಕೆ. ಹತ್ತುವ ಮುಂಚೆ ಅಲ್ಲಿರುವ ಸಿಬ್ಬಂದಿಗೆ ಹೇಳಿ, ಹೊರಗೆ ಹೋಗುವ ದಾರಿ ತೋರಿಸುತ್ತಾರೆ. ನಮಗೂ ತೋರಿಸಿದರು. ಒಬ್ಬ ಹುಡುಗ ಮಗಳ ಎತ್ತರಕ್ಕೆ ಬಗ್ಗಿ ಅವಳ ಶೂ ಮೇಲಿನ ಚಿತ್ರದ ಬಗ್ಗೆ ಕೇಳುತ್ತಾ ನಮ್ಮನ್ನು ಪಕ್ಕದ ಬಾಗಿಲಿಗೆ ಕರೆದುಕೊಂಡು ಹೋದ. ಯಾಕೆ, ಏನು ಎಂದು ಒಂದು ಮಾತು ಕೇಳಲಿಲ್ಲ. ನಾಲ್ಕೂವರೆಯಲ್ಲಿ ಒಂದು ಪೂರ್ತಿ ನಕ್ಷತ್ರ ಆ ಹುಡುಗನದ್ದು.

ಮಿಕ್ಕಿ, ಮಿನ್ನಿಯಂಥ ವೇಷದವರ ಬಗ್ಗೆಯೂ ಹೇಳಬೇಕು. ಟಿವಿಯಲ್ಲಿ ಅಂಗೈಯಷ್ಟಿರುವ ಇಲಿ ಎದುರಿಗೆ ಆಳೆತ್ತರ ನಿಂತರೆ ಮಗುವಿಗೆ ಏನನಿಸಬೇಡ! ಅವರು ಮಾತೂ ಆಡುವುದಿಲ್ಲ. ರಾಜಕುಮಾರಿಯರ ವೇಷದವರು ಮಾತಾಡುತ್ತಾರೆ, ಮುಖವೂ ಕಾಣುತ್ತದೆ, ಹಾಗಾಗಿ ಅಲ್ಲಿಂದ ಶುರು ಮಾಡುವುದು ಸುಲಭ. ಮಿಕ್ಕಿ ಸಿಗುವುದು ಬಾಗಿಲ ಹತ್ತಿರದ ಟೌನ್ ಸ್ಕ್ವೇರ್ ಥಿಯೇಟರ್‌ನಲ್ಲಿ. ಮಗ ನನ್ನ ಕಾಲಿನ ಹಿಂದಿನಿಂದ ಇಣುಕಿದ. ಮಿಕ್ಕಿ ಹತ್ತಿರ ಬರಲಿಲ್ಲ, ನಿಂತಲ್ಲೇ ಮಂಡಿಯೂರಿ ತಾನೂ ಕೈಯಿಂದ ಮುಖ ಮುಚ್ಚಿಕೊಂಡು ಇಣುಕಿತು. ಹೀಗೆ ಇಣುಕಾಟ ನಡೆದು ಫೋಟೋದಲ್ಲಿ ಮಗನ ಒಂದು ಕಣ್ಣು, ಅರ್ಧ ಮೂಗು ಬಂದಿದೆ. ಸಾಕು.

ಮೊದಲ ಸಲ ಬಂದವರಿಗೆ ಪುಕ್ಕಟೆ ಬ್ಯಾಡ್ಜ್ ಕೊಡುತ್ತಾರೆ. ಹಾಕಿಕೊಂಡರೆ ಸಿಬ್ಬಂದಿ ಮಾತಾಡಿಸುತ್ತಾರೆ, ಶುಭ ಹಾರೈಸುತ್ತಾರೆ. ಬೇರೆ ಮಕ್ಕಳಿಗೆ ಖುಷಿ. ಗುರುತಿಲ್ಲದವರು ಮಾತಾಡಿಸಿದರೆ ಮುದುಡುವ ಮಗುವಿಗೆ ಅದು ಇಡೀ ದಿನದ ಪರೀಕ್ಷೆ. ನಮ್ಮವಳು ಬ್ಯಾಡ್ಜನ್ನು ಬ್ಯಾಗಿನ ಒಳಗಡೆ ಚುಚ್ಚಿಕೊಂಡಳು.

ಯಾರೂ ಬರೆಯದ ಒಂದು ವಿಷಯ, ಟಾಯ್ಲೆಟ್. ತಾನೇ ನೀರು ಬಿಡುವ ಕಮೋಡ್‌ಗಳು, ಕೈ ಒಣಗಿಸುವ ಯಂತ್ರದ ಭರ್ ಅನ್ನುವ ಸದ್ದು. ಏರ್‌ಪೋರ್ಟಿನಿಂದ ಪಾರ್ಕಿನವರೆಗೆ ಎಲ್ಲಾ ಕಡೆ ಇದೇ ಕಾಟ. ರೈಡ್‌ಗೆ ಹೆದರದ ಮಗುವೂ ಇದಕ್ಕೆ ಹೆದರುತ್ತದೆ, ಆಮೇಲೆ ಬಂದರೂ ಬಂದಿಲ್ಲ ಅನ್ನುತ್ತದೆ. ಅಂಟುವ ಹಳದಿ ಚೀಟಿ ಇರುತ್ತದಲ್ಲ, ಆಫೀಸಿನದ್ದು, ಅದನ್ನು ಜೇಬಲ್ಲಿಟ್ಟುಕೊಳ್ಳಿ. ಸೆನ್ಸರ್ ಕಣ್ಣಿಗೆ ಅಂಟಿಸಿದರೆ ತೆಗೆಯುವವರೆಗೂ ನೀರು ಬರುವುದಿಲ್ಲ. ಸದ್ದು ತಡೆಯುವ ಇಯರ್‌ಮಫ್ ಕೂಡ ಒಯ್ಯಿರಿ. ಅದನ್ನು ಹೊಸದಾಗಿ ಅಲ್ಲೇ ಹಾಕಿಸಬೇಡಿ, ಮನೆಯಲ್ಲಿ ಕೆಲವು ದಿನ ಹಾಕಿ ಆಡಲಿ. ಗದ್ದಲ ಸಾಕಾದರೆ ಕ್ರಿಸ್ಟಲ್ ಪ್ಯಾಲೇಸ್ ಅನ್ನುವ ರೆಸ್ಟೋರೆಂಟ್ ಪಕ್ಕದಲ್ಲಿ ಬೇಬಿ ಕೇರ್ ಸೆಂಟರ್ ಇದೆ. ತಣ್ಣಗೆ, ಸದ್ದಿಲ್ಲದೆ ಇರುತ್ತದೆ. ಎಳೆ ಮಕ್ಕಳ ಜೊತೆ ಬಂದವರಿಗೆ ಇದು ದೊಡ್ಡ ಆಸರೆ.

ರಾತ್ರಿಯ ಪಟಾಕಿ ಪ್ರದರ್ಶನವನ್ನು ಕೋಟೆಯ ಮುಂದೆ ನಿಂತೇ ನೋಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಹಿಂಜರಿಯುವ ಮಕ್ಕಳಿದ್ದರೆ ಬೇಡ. ಕಿಕ್ಕಿರಿದ ಜನ, ತಲೆಯ ಮೇಲೇ ಸದ್ದು, ಮುಗಿಯುವವರೆಗೆ ಹೊರಬರಲು ದಾರಿಯಿಲ್ಲ. ಪಾರ್ಕಿನ ಮುಂದೆ ದೊಡ್ಡ ಕೆರೆ ಇದೆ, ಕಾರು ನಿಲ್ಲಿಸುವ ಕಡೆಯಿಂದ ಬರುವಾಗ ಮಾನೋರೈಲಿನಲ್ಲಿ ಇಲ್ಲವೇ ಫೆರಿಯಲ್ಲಿ ಬಂದಿರುತ್ತೀರಿ. ಪ್ರದರ್ಶನಕ್ಕೆ ಮುಂಚೆಯೇ ಆಚೆ ದಡಕ್ಕೆ ಹೋಗಿಬಿಡಿ. ಅಲ್ಲಿಂದ ಬಣ್ಣ ಮೊದಲು ಕಾಣುತ್ತದೆ, ಢಂ ಅನ್ನುವುದು ಆಮೇಲೆ, ಸಣ್ಣಗೆ ಕೇಳುತ್ತದೆ. ಮಗಳು ಕಿವಿ ಮುಚ್ಚಿಕೊಳ್ಳದೆ ಪೂರ್ತಿ ನೋಡಿದಳು. ಮಧ್ಯಾಹ್ನದ ಮೆರವಣಿಗೆಗೂ ಇದೇ ಮಾತು, ಹಗ್ಗದ ಪಕ್ಕಕ್ಕೆ ನುಗ್ಗಬೇಡಿ. ಅದರಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್ ಇದೆ, ನಿಜವಾದ ಬೆಂಕಿಯೇ.

ದುಡ್ಡು ಕೊಟ್ಟು ಕ್ಯೂ ಕಡಿಮೆ ಮಾಡಿಕೊಳ್ಳುವ ಲೈಟ್ನಿಂಗ್ ಲೇನ್ ಬೇಕಾ? ಡಿಸ್ನಿ ಹೋಟೆಲಿನಲ್ಲಿ ಇಳಿದುಕೊಳ್ಳುವವರು 7 ದಿನ ಮುಂಚೆ, ಉಳಿದವರು 3 ದಿನ ಮುಂಚೆ ಕಾಯ್ದಿರಿಸಬಹುದು. ಪೀಟರ್ ಪ್ಯಾನ್ ಕ್ಯೂ ಸಾಮಾನ್ಯವಾಗಿ ಉದ್ದ ಇರುತ್ತದೆ, ಅದೊಂದಕ್ಕೆ ಸಾರ್ಥಕ. ಕ್ಯೂನಲ್ಲಿ ನಿಂತಷ್ಟೂ ಮಗುವಿನ ತಲೆಯಲ್ಲಿ ಹೆದರಿಕೆ ಬೆಳೆಯುತ್ತದೆ ನೋಡಿ. ಆದರೆ ದಿನವಿಡೀ ಹೀಗೆ ಹೊತ್ತು ಗೊತ್ತುಪಡಿಸಿಕೊಂಡರೆ, ಮಗು ಇನ್ನೂ ಯೋಚಿಸುತ್ತಿರುವಾಗಲೇ ‘ಬೇಗ ಬಾ, ಟೈಮ್ ಆಯ್ತು’ ಎಂದು ಎಳೆದುಕೊಂಡು ಓಡಬೇಕಾಗುತ್ತದೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿದ್ದರೆ, ಪುಟ್ಟ ಮಕ್ಕಳ ರೈಡ್‌ಗಳು ಜಾಸ್ತಿ ಇರುವ ಫ್ಯಾಂಟಸಿಲ್ಯಾಂಡ್ ಭಾಗದ ಅರ್ಧ ಕೆಲಸ ಸಲೀಸಾಗಿ ಆಗುತ್ತದೆ. ಮಧ್ಯಾಹ್ನ ಹೋಟೆಲಿಗೆ ಹೋಗಿ ಮಲಗಿ. ಬೇಸಿಗೆಯಲ್ಲಿ ಅಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ, ಮಿಂಚು ಹತ್ತಿರ ಬಂದರೆ ಬಯಲಿನ ರೈಡ್‌ಗಳನ್ನು ನಿಲ್ಲಿಸುತ್ತಾರೆ.

ತಳ್ಳುಗಾಡಿ ನಾಲ್ಕು ವರ್ಷದವನಿಗೂ ಬೇಕು, ನಾಚಿಕೆ ಬೇಡ. 31 ಇಂಚು ಅಗಲ, 52 ಇಂಚು ಉದ್ದದೊಳಗೆ ಇರಬೇಕು. ಮೇಲಿನ ಮುಸುಕು ಇಳಿಸಿದರೆ ಅದೇ ಮಗುವಿಗೆ ಗೂಡು. ರೈಡ್‌ಗಳ ಹೊರಗೆ ನಿಲ್ಲಿಸಿದ್ದನ್ನು ಸಿಬ್ಬಂದಿ ಸಾಲಾಗಿ ಸರಿಸಿಡುತ್ತಾರೆ, ಗುರುತಿಗೆ ಬಣ್ಣದ ಬಟ್ಟೆ ಕಟ್ಟಿಕೊಳ್ಳಿ.

ಕೊನೆಗೆ ಟಿಕೆಟ್. 3 ವರ್ಷದೊಳಗಿನವರಿಗೆ ಟಿಕೆಟ್ ಬೇಡ, 3ರಿಂದ 9ರವರೆಗೆ ಮಕ್ಕಳ ಟಿಕೆಟ್. ಹಾಗಾಗಿ ಮೂರು ತುಂಬುವುದರೊಳಗೆ ಹೋಗಿಬರೋಣ ಎಂದು ಲೆಕ್ಕ ಹಾಕುವವರು ಬಹಳ. ಮಗು ಹೆದರುವ ಸ್ವಭಾವದ್ದಾದರೆ ಆ ಉಳಿತಾಯ ಬಿಟ್ಟುಬಿಡಿ. ವಿಡಿಯೋ ನೋಡಿ ‘ಇದು ಬೇಕು, ಇದು ಬೇಡ’ ಎಂದು ಬಾಯಿಬಿಟ್ಟು ಹೇಳುವ ವಯಸ್ಸಾಗಲಿ. ನಮ್ಮವಳ ಪಟ್ಟಿಯಲ್ಲಿ ಬೇಡ ಅನ್ನುವವೇ ಜಾಸ್ತಿ ಇದ್ದವು. ಆದರೂ ಬೇಕು ಅಂದವನ್ನೆಲ್ಲ ಮುಗಿಸಲು ನಮಗೆ ಹೊತ್ತು ಸಾಲಲಿಲ್ಲ.